ನೀಲಕ್ಕನ ಹನ್ನೊಂದು ಎಕರೆ

ಹಳಿಯಾಳದ ಕೊಂಡವಾಡಕ್ಕೆ ಮಿಂಗೇಲ್ ಕಾವಲುಗಾರನಾಗಿ ಸೇರಿದ್ದು ೧೯೩೧ರ ಬೇಸಗೆಯಲ್ಲಿ. ಕಂಡವರ ಬೆಳೆ ಮೇಯ್ದ ದನಗಳನ್ನು ಹಿಡಿದು ತಂದು ಕೂಡಿಹಾಕುವ ಜಾಗ ಅದು, ಮುನ್ಸಿಪಾಲಿಟಿಗೆ ಸೇರಿದ್ದು. ಒಡೆಯ ಬಂದು ದಂಡ ಕಟ್ಟಿ ದನ ಬಿಡಿಸಿಕೊಂಡು ಹೋಗಬೇಕು. ಹದಿನೈದು ದಿನ ಯಾರೂ ಬಾರದಿದ್ದರೆ ಹರಾಜು. ಕಾವಲುಗಾರ ನೀರು ಕುಡಿಸಬೇಕು, ಹುಲ್ಲು ಹಾಕಬೇಕು, ಬಾಗಿಲ ಕೀಲಿ ಕಾಯಬೇಕು, ಬೈಗುಳ ತಿನ್ನಬೇಕು. ದನ ಹಿಡಿದು ತಂದವನೂ ಅವನನ್ನೇ ಬೈಯುತ್ತಿದ್ದ, ಬಿಡಿಸಿಕೊಳ್ಳಲು ಬಂದವನೂ ಅವನನ್ನೇ ಬೈಯುತ್ತಿದ್ದ. ಊರವರು ಯಾರೂ ಆ ಕೆಲಸಕ್ಕೆ ಮುಂದಾಗದ ಕಾರಣ ಅದು ಮಿಂಗೇಲನಿಗೆ ಸಿಕ್ಕಿತು.

ಮಿಂಗೇಲ್ ಸಿದ್ದಿ ಜನದವನು, ಕ್ರಿಸ್ತಾಂವ. ಪೇಟೆಯಿಂದ ಎರಡು ಹರದಾರಿ ಆಚೆ, ಕಾಡಿನಂಚಿನ ಹಳ್ಳಿ ಅವನದು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಗುತ್ತಿಗೆದಾರರ ಸಂಗಡ ಒಂದಿಷ್ಟು ಮರಾಠಿ. ಯಾವ ಭಾಷೆಯಲ್ಲೂ ಮಾತು ಕಡಿಮೆಯೇ. ಮೀಸೆ ಮೂಡುವ ಮೊದಲಿನಿಂದ ದಾಂಡೇಲಿಯ ಕಾಡಿನಲ್ಲಿ ನಾಟಾ ಗಾಡಿ ಹೊಡೆದಿದ್ದ. ತೇಗದ ದಿಮ್ಮಿಗಳನ್ನು ಕಡಿದ ಜಾಗದಿಂದ ರೈಲಿನ ಡಿಪೋಕ್ಕೆ ಸಾಗಿಸುವ ಕೆಲಸ. ಮೌಳಂಗಿಯ ಹತ್ತಿರದ ಇಳುಕಲಿನಲ್ಲಿ ಒಮ್ಮೆ ಹಗ್ಗ ಹರಿದು ದಿಮ್ಮಿ ಉರುಳಿತು. ಬಲಮಗ್ಗುಲಿನ ಎತ್ತು ಅಲ್ಲೇ ಸತ್ತಿತು. ಮಿಂಗೇಲನ ಎಡಗೈಯ ಮೂರು ಬೆರಳು ಹೋದವು. ಗುತ್ತಿಗೆದಾರ ಎತ್ತು ಎಂಥದಿತ್ತೆಂದು ನಾಲ್ಕು ದಿನ ಹೇಳಿಕೊಂಡು ತಿರುಗಿದ. ಬೆರಳಿನ ಮಾತೆತ್ತಲಿಲ್ಲ. ಎರಡು ಬೆರಳಿನ ಕೈಯಲ್ಲಿ ದಿಮ್ಮಿಗೆ ಹಗ್ಗ ಬಿಗಿಯಲು ಬರುವುದಿಲ್ಲ. ಹೆಂಡತಿ ಅಗ್ನೆಸ್‌ಳನ್ನು ಕರೆದುಕೊಂಡು ಮಿಂಗೇಲ್ ಪೇಟೆಗೆ ಬಂದ.

ಕೊಂಡವಾಡದಲ್ಲಿ ಅವನಿಗೆ ಬೇಗನೆ ಒಂದು ವಿಷಯ ತಿಳಿಯಿತು. ಹರಾಜಿನ ದಿನದವರೆಗೂ ಒಡೆಯ ಬಾರದ ದನಗಳೆಲ್ಲ ಮುದಿಯಾದವು, ಕುಂಟು, ಕುರುಡು. ಅವು ದಾರಿ ತಪ್ಪಿ ಬಂದವಲ್ಲ. ಸಾಕಲು ಆಗದವರು, ಮಾರಲು ಮನಸ್ಸಿಲ್ಲದವರು ಅವುಗಳನ್ನು ಬೇಕೆಂದೇ ಕಂಡವರ ಹೊಲಕ್ಕೆ ಬಿಡುತ್ತಿದ್ದರು. ಹೊಲದವನು ಸಿಟ್ಟಿನಿಂದ ಕೊಂಡವಾಡಕ್ಕೆ ಹೊಡೆದುಕೊಂಡು ಬರುತ್ತಿದ್ದ. ಮುಂದಿನದನ್ನು ಸರಕಾರದ ಕಾಯದೆ ನೋಡಿಕೊಳ್ಳುತ್ತಿತ್ತು. ಹರಾಜಿನಲ್ಲಿ ಅಂಥ ದನಕ್ಕೆ ಕೂಗುವವರು ತೊಗಲಿನ ವ್ಯಾಪಾರಿಗಳು ಮಾತ್ರ.

ಅದು ಗೊತ್ತಿದ್ದೂ ಮಿಂಗೇಲ್ ಆ ಹದಿನೈದು ದಿನ ಅವುಗಳ ಗೊರಸು ಕೆತ್ತುತ್ತಿದ್ದ, ಹುಳಬಿದ್ದ ಹುಣ್ಣಿಗೆ ಬೇವಿನೆಣ್ಣೆ ಬಿಡುತ್ತಿದ್ದ. ಯಾಕೆಂದು ಒಮ್ಮೆ ಕಚೇರಿಯ ಕಾರಕೂನ ಕೇಳಿದ್ದಕ್ಕೆ, "ನೋಯ್ತೈತಲ್ರಿ ಅವಕ್ಕ" ಎಂದಷ್ಟೇ ಹೇಳಿದ.

ನೀಲಕ್ಕ ಕೊಂಡವಾಡಕ್ಕೆ ಬಂದದ್ದು ಇಂಥದೇ ಒಂದು ಎತ್ತನ್ನು ಹೊಡೆದುಕೊಂಡು. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಗಂಡನ ಹೊಲಮನೆಯನ್ನು ಹದಿನೆಂಟು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದವಳು. ಆಳು ತಡವಾಗಿ ಬಂದರೆ ಅವಳ ದನಿ ಮೂರು ಓಣಿಗೆ ಕೇಳುತ್ತಿತ್ತು. ಕೆರೆಯ ಕೆಳಗಿನ ಅವಳ ಹೊಲದಲ್ಲಿ ಮುಂಗಾಲು ಊದಿದ ಒಂದು ಬಿಳಿ ಎತ್ತು ಭತ್ತದ ಸಸಿ ತುಳಿದಿತ್ತು.

"ಇದರ ಮಾಲಕ ಬಂದ್ರ ನನಗ ಹೇಳಿಕಳಸು. ಬಿಡಂಗಿಲ್ಲ ಅಂವನ್ನ" ಎಂದು ಹೇಳಿ ಹೋದಳು.

ಮಾಲಕ ಬರಲಿಲ್ಲ. ಹದಿನಾಲ್ಕನೆಯ ದಿನ ನೀಲಕ್ಕನೇ ಮತ್ತೆ ಬಂದಳು. ಮಿಂಗೇಲ್ ಎತ್ತಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಸಂದಿಯಿಂದ ಕೊಳೆತದ್ದನ್ನು ತೆಗೆಯುತ್ತಿದ್ದ. ಎತ್ತು ನಡುಗುತ್ತಿತ್ತು, ಆದರೆ ಕಾಲು ಎಳೆದುಕೊಳ್ಳಲಿಲ್ಲ.

"ನಾಳೆ ಏನಾಕ್ಕೈತಿ ಇದಕ್ಕ?" ಎಂದು ಕೇಳಿದಳು.

"ಹರಾಜ್ರಿ ಅಕ್ಕಾರ. ತೊಗಲಿನವ್ರು ಒಯ್ತಾರ್ರಿ."

"ಬ್ಯಾರೆ ಯಾರೂ ಕೇಳಂಗಿಲ್ಲೇನು?"

"ಈ ಕಾಲ ನೋಡಿ ಯಾರ ಕೇಳ್ತಾರ್ರಿ?"

ನೀಲಕ್ಕ ಬಗ್ಗಿ ಎತ್ತಿನ ಕಾಲು ನೋಡಿದಳು. "ಹಂಗಾರ ನಾ ಹಿಡಕೊಂಡು ಬಂದಿದ್ದಕ್ಕ ಸಾಯ್ತೈತಿ ಅಂದಂಗಾತು" ಎಂದಳು. ಮಿಂಗೇಲ್ ಅಲ್ಲವೆಂದು ಹೇಳಲಿಲ್ಲ. ಹೇಳಿದ್ದರೆ ಅವಳು ಮನೆಗೆ ಹೋಗಿ ಆ ವಿಷಯ ಮರೆಯುತ್ತಿದ್ದಳೋ ಏನೋ. ಮರುದಿನದ ಹರಾಜಿನಲ್ಲಿ ತೊಗಲಿನವನಿಗಿಂತ ಮೇಲೆ ಕೂಗಿ ನೀಲಕ್ಕ ಆ ಎತ್ತನ್ನು ಹಿಡಿದಳು. ಊರು ನಕ್ಕಿತು.

ಮುಂದಿನ ಹರಾಜಿಗೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಎರಡು ವರ್ಷದಲ್ಲಿ ಅವಳ ಹಿತ್ತಲಲ್ಲಿ ಒಂಬತ್ತು ದನ ಆದವು. ಸಂಜೆ ಕೊಂಡವಾಡಕ್ಕೆ ಕೀಲಿ ಹಾಕಿ ಮಿಂಗೇಲ್ ಅಲ್ಲಿಗೆ ಹೋಗಿ ಅವುಗಳನ್ನು ನೋಡಿಕೊಂಡು ಬರುತ್ತಿದ್ದ. ೧೯೩೬ರಲ್ಲಿ ನೀಲಕ್ಕ ಕೆರೆಯ ಕೆಳಗಿನ ಹನ್ನೊಂದು ಎಕರೆಯನ್ನು, ಮುದಿ ಮತ್ತು ಊನ ದನಗಳ ಪಾಲನೆಗೆಂದು, ಮುನ್ಸಿಪಾಲಿಟಿಗೆ ದಾನಪತ್ರ ಬರೆದುಕೊಟ್ಟಳು. ಅಧ್ಯಕ್ಷರು ಅವಳಿಗೆ ಹಾರ ಹಾಕಿದರು. ಊರಿಗೇ ಇದು ಹೆಮ್ಮೆ ಎಂದು ಭಾಷಣ ಮಾಡಿದರು. ಎರಡು ವರ್ಷ ನಕ್ಕವರು ಅಂದು ಚಪ್ಪಾಳೆ ತಟ್ಟಿದರು.

ರಿಜಿಸ್ಟ್ರಿ ಮುಗಿಸಿಕೊಂಡು ಬಂದ ಮಧ್ಯಾಹ್ನ ನೀಲಕ್ಕ ಆ ಹೊಲದ ಬಾವಿಕಟ್ಟೆಯ ಮೇಲೆ ಕೂತಳು. ಕೊಟ್ಟಿಗೆಗೆ ಕಂಬ ನೆಡುತ್ತಿದ್ದ ಮಿಂಗೇಲನನ್ನು ಕರೆದು ಹೇಳಿದಳು:

"ಮಿಂಗೇಲಾ, ನೀ ಇಲ್ಲೇ ಬಂದಿರು. ಅಧ್ಯಕ್ಷರಿಗೆ ಹೇಳೇನಿ. ನಾ ಇರೂತನಕಾ ಇದನ್ನ ಯಾರೂ ಮುಟ್ಟಂಗಿಲ್ಲ."

"ಆಮ್ಯಾಲ್ರಿ?" ಎಂದು ಮಿಂಗೇಲ್ ಕೇಳಿದ.

"ಆಮ್ಯಾಲಿಂದು ನಾ ಹೆಂಗ ಹೇಳ್ಲಿ? ಭೂಮಿ ನನ್ನ ಗಂಡಂದು. ನನ್ನ ಉಸುರು ಇರೂತನಕಾ ನನ್ನ ಮಾತು. ಮುಂದ ಮೈದುನನ ಮಗ ಅದಾನ, ಊರು ಐತಿ. ಅವರವರ ಬುದ್ಧಿ."

ಮಿಂಗೇಲ್ ಮತ್ತೆ ಕಂಬ ನೆಡಲು ಹೋದ.

ಆರು ವರ್ಷ ಹೊಲ ನಡೆಯಿತು. ಮೇಲ್ಗಡೆಯ ನಾಲ್ಕು ಎಕರೆ ಕೆಂಪು ಜಂಬಿಟ್ಟಿಗೆಯ ನೆಲ. ಅಲ್ಲಿ ಬಿದಿರಿನ ಕೊಟ್ಟಿಗೆ, ಬಾವಿ, ಮಿಂಗೇಲ್–ಅಗ್ನೆಸ್ ಇರುವ ಗುಡಿಸಲು. ಕೆಳಗಿನ ಏಳು ಎಕರೆ ಕೆರೆಯ ಬಸಿನೀರು ತಾಕುವ ಗದ್ದೆ. ಅದರಲ್ಲಿ ಹುಲ್ಲು ಎದೆಯುದ್ದ ಬೆಳೆಯುತ್ತಿತ್ತು. ನಾಟಾ ಗಾಡಿಯ ಸೋತ ಎತ್ತುಗಳು ದಾಂಡೇಲಿ, ಜೋಯಿಡಾ ಕಡೆಯಿಂದ ಬಂದವು. ಮುಂಡಗೋಡದ ಹತ್ತಿರದ ತಾಂಡಾದಿಂದ ಗೇಮಪ್ಪ ಎಂಬ ಲಂಬಾಣಿ ತನ್ನ ಕುರುಡು ಎತ್ತನ್ನು ಎರಡು ದಿನ ನಡೆಸಿಕೊಂಡು ಬಂದ. ಅದನ್ನು ಕಂಬಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಮಿಂಗೇಲನ ಕೈಗೆ ಕೊಟ್ಟು, ಹಿಂದೆ ನೋಡದೆ ಹೋದ. ಆಮೇಲೆ ಹಳಿಯಾಳದ ಸಂತೆಗೆ ಬಂದಾಗಲೆಲ್ಲ ಒಂದು ಹಿಡಿ ಬೆಲ್ಲ ತಂದು ಎತ್ತಿಗೆ ತಿನ್ನಿಸಿ ಹೋಗುತ್ತಿದ್ದ. ಸತ್ತ ದನಗಳನ್ನು ಬೇಲಿಯ ಮೂಲೆಯಲ್ಲಿ ಸುಣ್ಣ ಹಾಕಿ ಹುಗಿಯುತ್ತಿದ್ದರು. ಅದು ನೀಲಕ್ಕ ಹಾಕಿದ ಶರತ್ತು.

೧೯೪೨ರ ಮಳೆಗಾಲದ ಕೊನೆಗೆ ನೀಲಕ್ಕ ತೀರಿಕೊಂಡಳು. ಒಂದು ವಾರದ ಜ್ವರ, ಅಷ್ಟೆ. ಮಣ್ಣು ಮಾಡುವಾಗ ಮಿಂಗೇಲ್ ಜನರ ಹಿಂದೆ, ದೂರದಲ್ಲಿ ನಿಂತಿದ್ದ. ತಿಂಗಳು ಕಳೆಯುವುದರೊಳಗೆ ಅವಳ ಮೈದುನನ ಮಗ ಕರಿಬಸಪ್ಪನಿಂದ ಮುನ್ಸಿಪಾಲಿಟಿಗೆ ವಕೀಲರ ನೋಟೀಸು ಬಂತು.

ಕರಿಬಸಪ್ಪ ಕೆಟ್ಟ ಮನುಷ್ಯನೇನಲ್ಲ. ಹುಬ್ಬಳ್ಳಿಯಲ್ಲಿ ಅರಿವೆ ಅಂಗಡಿ ಇಟ್ಟವನು, ಲೆಕ್ಕ ಬಲ್ಲವನು. ಆಗಿನ ಕಾಯದೆಯಲ್ಲಿ ವಿಧವೆಗೆ ಗಂಡನ ಭೂಮಿಯನ್ನು ಬದುಕಿರುವವರೆಗೆ ಉಣ್ಣುವ ಹಕ್ಕಿತ್ತು; ಶಾಶ್ವತವಾಗಿ ಕೊಟ್ಟುಬಿಡುವ ಹಕ್ಕು ಪೂರ್ತಿ ಇರಲಿಲ್ಲ. ಹಾಗಾಗಿ ದಾನ ನೀಲಕ್ಕನ ಸಂಗಡವೇ ಮುಗಿಯಿತು, ಭೂಮಿ ವಾರಸುದಾರನಾದ ನನಗೆ ಬರಬೇಕು ಎಂಬುದು ಅವನ ವಾದ. ಆದರೂ ಊರಿನ ಸಂಗಡ ವ್ಯಾಜ್ಯ ಬೇಡವೆಂದು ಒಂದು ಮಾತು ಸೇರಿಸಿದ್ದ: ಮುನ್ಸಿಪಾಲಿಟಿಗೆ ಬೇಕೇ ಬೇಕಿದ್ದರೆ ಪೇಟೆಯ ಬೆಲೆಯ ಅರ್ಧಕ್ಕೆ ಕೊಳ್ಳಲಿ.

ದಾನ ಬಂದ ಭೂಮಿಯನ್ನು ಕೊಂಡುಕೊಳ್ಳಬೇಕೇ? ಆ ಚಳಿಗಾಲವೆಲ್ಲ ಹಳಿಯಾಳದಲ್ಲಿ ಇದೇ ಮಾತು. ಹಾರ ಹಾಕಿದ್ದು ವ್ಯರ್ಥವೇ ಎಂದು ಕೆಲವರು, ಬಿಟ್ಟುಬಿಡಿ ಪೀಡೆ ಎಂದು ಕೆಲವರು. ಯುದ್ಧದ ಕಾಲ. ಅಕ್ಕಿ ಕಾಣದಾಗಿತ್ತು. ಬಿಜಾಪುರದ ಕಡೆ ಬರ ಬಿದ್ದು ಜನ ದನ ಎರಡೂ ಪಡುವಣಕ್ಕೆ ಬರುತ್ತಿದ್ದವು. ಧಾನ್ಯದ ಅಂಗಡಿಯ ಮುಂದೆ ಬೆಳಿಗ್ಗೆ ನಿಂತ ಸಾಲು ಮಧ್ಯಾಹ್ನವೂ ಕರಗುತ್ತಿರಲಿಲ್ಲ. ಆ ಸಾಲಿನಲ್ಲಿ ಅಗ್ನೆಸ್ ಕೂಡ ನಿಲ್ಲುತ್ತಿದ್ದಳು.

ಒಂದು ಭಾನುವಾರ ಮಿಂಗೇಲನ ತಮ್ಮ ಪಾವ್ಲು ಹಳ್ಳಿಯಿಂದ ಬಂದ. ಗೆಣಸು ತಂದಿದ್ದ. ಮೂವರೂ ಗುಡಿಸಲಿನ ಮುಂದೆ ಕೂತು ತಿಂದರು. ಕೆಳಗಡೆ ಗದ್ದೆಯಲ್ಲಿ ದನಗಳು ಮೇಯುತ್ತಿದ್ದವು.

"ಅಣ್ಣಾ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ" ಎಂದ ಪಾವ್ಲು. "ನಮ್ಮಪ್ಪ ಕಂಡವರ ಹೊಲದಾಗ ಸತ್ತ. ನಾನೂ ಕಂಡವರ ಹೊಲದಾಗ ದುಡೀತೇನಿ. ನಮ್ಮ ಹಟ್ಟಿ ಒಳಗ ಗೇಣ ಭೂಮಿ ಯಾರ ಹೆಸರಿಲೂ ಇಲ್ಲ. ಇಲ್ಲಿ ನೋಡಿದ್ರ ಕುಂಟ ಎತ್ತಿಗೆ ಏಳ ಎಕರೆ ಗದ್ದಿ."

ಮಿಂಗೇಲ್ ಕೆಳಗಿನ ಗದ್ದೆಯನ್ನು ನೋಡಿದ. ಅಗ್ನೆಸ್ ಗೆಣಸಿನ ಸಿಪ್ಪೆಯನ್ನು ಬುಟ್ಟಿಗೆ ಹಾಕುತ್ತ, "ಅದನ್ನ ನಾ ಆರು ವರ್ಷದಿಂದ ಮನಸಿನ್ಯಾಗ ಅನಕೋತ ಬಂದೇನಿ" ಎಂದಳು.

ಸಭೆ ಫೆಬ್ರವರಿಯಲ್ಲಿ ಎಂದು ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಮೊದಲು ಅಧ್ಯಕ್ಷರು ಮಿಂಗೇಲನನ್ನು ಮನೆಗೆ ಕರೆಸಿದರು. ಅವರೂ ವಕೀಲರೇ. ಜಗಲಿಯ ಮೇಲೆ ಕೂತು, ಮೆಟ್ಟಿಲ ಕೆಳಗೆ ನಿಂತ ಮಿಂಗೇಲನಿಗೆ ನಿಧಾನವಾಗಿ ವಿವರಿಸಿದರು. ಗಂಡನ ಆತ್ಮಕ್ಕೆ ಒಳಿತಾಗಲೆಂದು, ಅವನು ಸಾಯುವಾಗ ಹೇಳಿದ್ದ ಆಸೆಯಂತೆ ಕೊಟ್ಟ ದಾನವಾದರೆ ಅದು ನಿಲ್ಲುವ ಸಂಭವವಿದೆ. ಆಗ ಊರು ಒಂದು ಕಾಸೂ ಕೊಡಬೇಕಾಗಿಲ್ಲ.

"ನೀಲಕ್ಕ ದಿನಾ ನಿನ್ನ ಸಂಗಾಟ ಮಾತಾಡತಿದ್ಲು. ಗಂಡನ ಆಸೆ ಅಂತ ಎಂದಾದ್ರೂ ಹೇಳಿರಬೇಕಲ್ಲಾ? ನೆನಪ ಮಾಡಿಕೋ. ಇದು ಸುಳ್ಳ ಹೇಳು ಅಂತಲ್ಲ. ದನಗಳ ಜೀವದ ಪ್ರಶ್ನೆ."

"ನೆನಪ ಮಾಡ್ತೇನ್ರಿ" ಎಂದು ಮಿಂಗೇಲ್ ಬಂದ.

ಮರುದಿನ ಕರಿಬಸಪ್ಪ ಸ್ವತಃ ಹೊಲಕ್ಕೆ ಬಂದ. ಧೋತರ ಎತ್ತಿಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆಲ್ಲ ಅಡ್ಡಾಡಿದ. ಆಮೇಲೆ ಕೊಟ್ಟಿಗೆಯ ನೆರಳಿಗೆ ಬಂದು ನಿಂತ.

"ನೋಡು ಮಿಂಗೇಲಾ, ದೊಡ್ಡವ್ವ ನಿನಗ ಏನ ಹೇಳಿದ್ಲು ಅಂತ ನನಗೂ ಗೊತ್ತೈತಿ. ತಾ ಇರೂತನಕಾ ಅಷ್ಟ ಅಂತ ನನ್ನ ಮುಂದೂ ಅಂದಿದ್ಲು. ಅದನ್ನ ಸಭಾದಾಗ ಇದ್ದದ್ದು ಇದ್ದಂಗ ಹೇಳು. ಕೆಳಗಿನ ಗದ್ದಿ ಒಳಗ ಎರಡ ಎಕರೆ ನಿನ್ನ ಹೆಸರಿಗೆ ಮಾಡತೇನಿ. ನಾ ಸುಳ್ಳ ಹೇಳಂತಿಲ್ಲ ನಿನಗ."

ಅಗ್ನೆಸ್ ಒಳಗಿನಿಂದ ಕೇಳುತ್ತಿದ್ದಳು. ಕರಿಬಸಪ್ಪ ಹೋದ ಮೇಲೆ ಹೊರಗೆ ಬಂದು, "ದೇವರಾಗಿ ಬಂದಾನ" ಎಂದಳು.

ಮಿಂಗೇಲ್ ಆ ಮೂರು ದಿನ ಎಂದಿನಂತೆ ಕೆಲಸ ಮಾಡಿದ. ಹುಲ್ಲು ಕೊಯ್ದ, ಎರಡು ಗೊರಸು ಕೆತ್ತಿದ. ಅವನ ಕಷ್ಟ ವಿಚಿತ್ರದ್ದಾಗಿತ್ತು. ಸುಳ್ಳು ಹೇಳಿದರೆ ದನಗಳು ಉಳಿಯುತ್ತಿದ್ದವು. ನಿಜ ಹೇಳಿದರೆ ಅವನಿಗೇ ಭೂಮಿ ಬರುತ್ತಿತ್ತು. ಸುಮ್ಮನಿರೋಣವೆಂದರೆ ಸಭೆಯಲ್ಲಿ ಅವನನ್ನು ಕೇಳದೆ ಬಿಡುತ್ತಿರಲಿಲ್ಲ.

ಸಭೆ ಸೇರಿದ್ದು ಸಂತೆಯ ಮರುದಿನ ಮಧ್ಯಾಹ್ನ, ಮುನ್ಸಿಪಾಲಿಟಿಯ ಹಾಲಿನಲ್ಲಿ. ಹದಿಮೂರು ಮಂದಿ ಸದಸ್ಯರು. ಕಿಟಕಿಗಳ ಹೊರಗೆ ಜನ. ಅಧ್ಯಕ್ಷರು ವಿಷಯ ಓದಿ ಹೇಳಿದರು. ಮೊದಲು ಎದ್ದವನು ಉಳವಪ್ಪ. ಊರಿನ ಧಾನ್ಯ ಹಂಚಿಕೆಯ ಕಮಿಟಿ ನೋಡುತ್ತಿದ್ದ ರೈತ. ತೂಕದಲ್ಲಿ ಒಂದು ಗುಂಜಿ ಮೋಸ ಮಾಡಿದವನಲ್ಲ ಎಂದು ಹೆಸರಿತ್ತು.

"ನೀಲಕ್ಕನ ಮ್ಯಾಲ ನನಗ ಗೌರವ ಐತಿ" ಎಂದ. "ಆದ್ರ ಈ ಕಿಟಕಿ ಹೊರಗ ನಿಂತವರ ಮಾರಿ ನೋಡ್ರಿ. ಮೂರು ದಿನಕ್ಕೊಮ್ಮೆ ಅಕ್ಕಿ ಕಂಡ ಮಂದಿ ಇವರು. ಏಳ ಎಕರೆ ಗದ್ದಿ ಒಳಗ ಹುಲ್ಲ ಬೆಳಸಾಕ ಊರಿನ ರೊಕ್ಕ ಕೊಟ್ಟು ಭೂಮಿ ಕೊಳ್ಳೂಣು ಅಂದ್ರ ನಾ ಒಪ್ಪಂಗಿಲ್ಲ."

ಕಿಟಕಿಯ ಹೊರಗೆ ಗುಜುಗುಜು ಎದ್ದಿತು. ಇನ್ನೊಬ್ಬ ಸದಸ್ಯ ಎದ್ದು, ಕೊಳ್ಳುವುದು ಬಿಡುವುದು ಆಮೇಲೆ, ದನಗಳನ್ನು ಕ್ರಿಸ್ತಾಂವನ ಕೈಗೆ ಕೊಟ್ಟದ್ದೇ ತಪ್ಪು, ಅವು ಸತ್ತ ಮೇಲೆ ಎಲ್ಲಿ ಹೋಗುತ್ತವೆಂದು ಯಾರು ಕಂಡಿದ್ದಾರೆ ಎಂದ. ಮಿಂಗೇಲ್ ಬಾಗಿಲ ಬಳಿ ನಿಂತಿದ್ದ. ಅಧ್ಯಕ್ಷರು ಅವನ ಕಡೆ ನೋಡಿದರು.

"ಹುಗದ ಜಾಗಾ ತೋರಸ್ತೇನ್ರಿ" ಎಂದ ಮಿಂಗೇಲ್. "ಇಪ್ಪತ್ನಾಕು ಅದಾವ್ರಿ. ಅಗದು ಎಣಸರಿ."

ಯಾರೋ ನಕ್ಕರು. ಆ ಸದಸ್ಯ ಕೂತ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಮಿಂಗೇಲಾ, ಸಭಾದ ಮುಂದ ಹೇಳು. ನೀಲಕ್ಕ ಈ ಭೂಮಿ ಯಾಕ ಕೊಟ್ಲು? ತನ್ನ ಗಂಡನ ಇಚ್ಛಾ ಅಂತ ನಿನ್ನ ಮುಂದ ಹೇಳಿದ್ಲೋ ಇಲ್ಲೋ?"

"ಇಲ್ರಿ" ಎಂದ ಮಿಂಗೇಲ್. "ಹಂಗ ಎಂದೂ ಹೇಳಿಲ್ರಿ."

"ಮತ್ತೇನ ಹೇಳಿದ್ಲು?"

ಹಾಲಿನ ಮೂಲೆಯಲ್ಲಿ ಕರಿಬಸಪ್ಪ ಕೂತಿದ್ದ. ಮಿಂಗೇಲ್ ಅವನನ್ನು ನೋಡಿದ, ಅಧ್ಯಕ್ಷರನ್ನು ನೋಡಿದ. "ಹೇಳೂಕಿಂತಾ ಮೊದಲ ಇನ್ನೊಂದು ಹೇಳಬೇಕ್ರಿ" ಎಂದ. "ನಾ ಇದನ್ನ ಹೇಳಿದ್ರ ಎರಡ ಎಕರೆ ಕೊಡ್ತೇನಿ ಅಂತ ಕರಿಬಸಪ್ಪಾರು ಅಂದಾರ್ರಿ. ಅದು ನನಗ ಬ್ಯಾಡ್ರಿ. ಆದ್ರ ಮಾತು ಖರೇ ಐತ್ರಿ. ಭೂಮಿ ನನ್ನ ಗಂಡಂದು, ನನ್ನ ಉಸುರು ಇರೂತನಕಾ ನನ್ನ ಮಾತು, ಮುಂದ ಅವರವರ ಬುದ್ಧಿ ಅಂದಿದ್ರ್ರಿ ಅಕ್ಕಾರು. ಬಾವಿಕಟ್ಟಿ ಮ್ಯಾಲ ಕುಂತಾಗ."

ಕರಿಬಸಪ್ಪನ ಮುಖ ಕೆಂಪಾಯಿತು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಕಾಗದಗಳನ್ನು ಜೋಡಿಸಿದರು. ಕೋರ್ಟಿಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಎರಡೇ: ಕೊಳ್ಳಬೇಕು, ಇಲ್ಲವೆ ಬಿಡಬೇಕು. ಮತಕ್ಕೆ ಹಾಕಿದರು. ಕೊಳ್ಳಲು ಐದು, ಬೇಡವೆಂದು ಎಂಟು.

ಜನ ಎದ್ದರು. ಮಿಂಗೇಲ್ ಬಾಗಿಲಲ್ಲೇ ನಿಂತಿದ್ದ. ಹೊರಗೆ ಹೋಗುತ್ತಿದ್ದ ಉಳವಪ್ಪ ಅವನ ಮುಂದೆ ನಿಂತು, "ನಾಳೆ ಮುಂಜಾನೆ ಹೊಲದಾಗ ಇರ್ತಿಯೇನು? ನಾ ಅದನ್ನ ಒಮ್ಮೆನೂ ಕಣ್ಣಿಲೆ ನೋಡಿಲ್ಲ" ಎಂದ.

ಮರುದಿನ ಹೊತ್ತು ಮೂಡುವ ಹೊತ್ತಿಗೆ ಉಳವಪ್ಪ ಬಂದ. ಸಾಲಾಗಿ ಕಟ್ಟಿದ್ದ ಮೂವತ್ತೊಂದು ದನಗಳನ್ನು ಒಂದೊಂದಾಗಿ ನೋಡಿದ. ಅವುಗಳಲ್ಲಿ ಒಂದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತ. ಆಮೇಲೆ ಗದ್ದೆಗಿಳಿದು ಹಿಮ್ಮಡಿಯಿಂದ ಮಣ್ಣು ಕೆದರಿ, ಒಂದು ಹೆಂಟೆ ಎತ್ತಿ ಪುಡಿಮಾಡಿದ.

"ಭತ್ತಕ್ಕ ಹೆಂಗ?" ಎಂದು ಕೇಳಿದ.

ಮಿಂಗೇಲನಿಗೆ ಹೇಳಬಾರದೆನಿಸಿತು. ಆದರೂ ಹೇಳಿದ: "ಈ ಏಳ ಎಕರೆ ಬಂಗಾರದಂಥಾವ್ರಿ. ಇದನ್ನ ದನಕ್ಕ ಮೇಯಿಸಾಕ ನನಗೂ ಒಮ್ಮೊಮ್ಮೆ ಕಸಿವಿಸಿ ಆಕ್ಕಿತ್ರಿ. ಮ್ಯಾಲಿನ ನಾಕು ಎಕರೆ ಏನಕ್ಕೂ ಬರೂದಿಲ್ರಿ, ಬರೇ ಜಂಬಿಟ್ಟಿಗಿ. ಅಲ್ಲಿ ದನ ನಿಲ್ಲಬಹುದು, ಅಷ್ಟ."

ಉಳವಪ್ಪ ಕೈ ಕೊಡವಿಕೊಂಡ. "ನಾಕು ಎಕರೆದಾಗ ಎಷ್ಟ ದನ ಬದುಕ್ತಾವ?"

"ಗದ್ದಿ ಹುಲ್ಲು ಒಂದಿಷ್ಟು ಬಂದ್ರ ಹದಿನಾಲ್ಕು. ಹದಿನೈದು ಆದ್ರ ಹೆಚ್ಚಾತ್ರಿ."

ವಾರದ ನಂತರ ಮತ್ತೆ ಸಭೆ. ಬಾವಿ ಮತ್ತು ಕೊಟ್ಟಿಗೆ ಸಹಿತ ಮೇಲಿನ ನಾಲ್ಕು ಎಕರೆಯನ್ನು ಮಾತ್ರ ಕೊಳ್ಳಬೇಕು, ಕೆಳಗಿನ ಗದ್ದೆ ಕರಿಬಸಪ್ಪನಿಗೆ ಬಿಡಬೇಕು, ಅವನು ಅದರಲ್ಲಿ ಭತ್ತ ಬೆಳೆಸಬೇಕು, ಅದರ ಹುಲ್ಲಿನಲ್ಲಿ ಅರ್ಧ ದನಗಳಿಗೆ ಸೇರಬೇಕು ಎಂದು ಉಳವಪ್ಪನೇ ಠರಾವು ತಂದ. ಕರಿಬಸಪ್ಪನಿಗೆ ಬೇಕಾಗಿದ್ದದ್ದು ಗದ್ದೆಯೇ, ಅವನು ಒಪ್ಪಿದ. ಏಳು ಆರು ಮತದಿಂದ ಠರಾವು ಪಾಸಾಯಿತು. ಅಂದು ಹಾರ, ಭಾಷಣ ಏನೂ ಇರಲಿಲ್ಲ.

ಮೂವತ್ತೊಂದರಲ್ಲಿ ಹದಿನಾಲ್ಕನ್ನು ಆರಿಸುವ ಕೆಲಸ ಮಿಂಗೇಲನ ಪಾಲಿಗೆ ಬಂತು. ಯಾರೂ ಅವನಿಗೆ ಹೇಗೆಂದು ಹೇಳಲಿಲ್ಲ. ನಡೆಯಬಲ್ಲವನ್ನು ಕಳಿಸುವುದು, ನಡೆಯಲಾರದವನ್ನು ಇಟ್ಟುಕೊಳ್ಳುವುದು ಎಂದು ಅವನೇ ಒಂದು ನಿಯಮ ಮಾಡಿಕೊಂಡ. ಒಡೆಯರು ಗೊತ್ತಿದ್ದ ದನಗಳ ಮನೆಗಳಿಗೆ ಹೋಗಿ ಬಾಗಿಲಲ್ಲಿ ನಿಂತ. ಕೆಲವರು ನಾಚಿಕೊಂಡು ತೆಗೆದುಕೊಂಡರು, ಕೆಲವರು ಗುರುತಿಲ್ಲ ಎಂದರು. ಉಳವಪ್ಪ ತಾನಾಗಿ ಬಂದು, ಅಂದು ನಿಂತು ನೋಡಿದ್ದ ಆ ಎತ್ತಿನ ಹಗ್ಗ ಬಿಚ್ಚಿದ. "ಮೂರು ವರ್ಷದ ಹಿಂದ ನನ್ನ ಅಳಿಯಗ ಮಾರಿದ್ದೆ" ಎಂದು ಹೇಳಿ ಹೊಡೆದುಕೊಂಡು ಹೋದ. ಮುಂಡಗೋಡದ ಕಡೆಯಿಂದ ಸುದ್ದಿ ಕೇಳಿ ಗೇಮಪ್ಪ ಬಂದ. ಕುರುಡು ಎತ್ತು ಅವನ ದನಿಗೆ ಕಿವಿ ನಿಮಿರಿಸಿತು.

"ತಾಂಡಾದಾಗ ಮೇವಿಲ್ಲ ಅಂತಿದ್ದಿ" ಎಂದ ಮಿಂಗೇಲ್.

"ಇಲ್ಲ. ಆದ್ರ ಇದನ್ನ ತೊಗಲಿನವರ ಕೈಗೆ ಕೊಡಾಕ ನಮ್ಮ ಮಂದಿ ಒಪ್ಪಂಗಿಲ್ಲ. ನಮ್ಮಜ್ಜನ ಕಾಲಕ್ಕ ಎತ್ತಿನ ಬೆನ್ನ ಮ್ಯಾಲ ನಮ್ಮ ಮನಿನ ಇತ್ತು." ಗೇಮಪ್ಪ ತನ್ನದರ ಜೊತೆಗೆ ಬೇರೆಯವರ ಎರಡು ಎತ್ತನ್ನೂ ಕಟ್ಟಿಕೊಂಡು, ಮೂರನ್ನೂ ನಡೆಸಿಕೊಂಡು ಹೋದ.

ಕೊನೆಗೆ ನಾಲ್ಕು ದನ ಉಳಿದವು. ಅವುಗಳಿಗೆ ಯಾರೂ ಇರಲಿಲ್ಲ. ಕೊಂಡವಾಡದ ಅಂಗಳದಲ್ಲಿ ಹರಾಜು ಆಯಿತು. ಹಗ್ಗ ಹಿಡಿದು ನಿಲ್ಲಬೇಕಾದವನು ಮಿಂಗೇಲನೇ. ತೊಗಲಿನವನು ಕೂಗಿದ, ಬೇರೆ ಯಾರೂ ಕೂಗಲಿಲ್ಲ. ಮಿಂಗೇಲ್ ನಾಲ್ಕೂ ಹಗ್ಗಗಳನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟ. ಅವುಗಳ ಗೊರಸು ಹಿಂದಿನ ವಾರವಷ್ಟೇ ಕೆತ್ತಿ ಹಸನು ಮಾಡಿದ್ದ; ಅವು ಚೆನ್ನಾಗಿ ನಡೆದುಕೊಂಡು ಹೋದವು.

ಅಗ್ನೆಸ್ ಸಭೆಯ ದಿನದಿಂದ ಅವನ ಸಂಗಡ ಮಾತು ಬಿಟ್ಟಿದ್ದಳು. ಉಣ್ಣಲು ಇಡುತ್ತಿದ್ದಳು, ಅಷ್ಟೆ. ಹರಾಜಿನ ಸಂಜೆ ಅವನು ಅಂಬಲಿ ಮುಟ್ಟದೆ ಕೂತದ್ದನ್ನು ನೋಡಿ ಬಾಯಿ ಬಿಟ್ಟಳು.

"ಖರೇ ಹೇಳಬ್ಯಾಡ ಅಂತ ನಾ ಅನ್ನಂಗಿಲ್ಲ. ಖರೇ ಹೇಳಿದ ಮ್ಯಾಲ ಭೂಮಿ ಬ್ಯಾಡ ಅನ್ನಾಕ ನಿನಗ ಯಾರ ಹೇಳಿದ್ರು? ದನಾನೂ ಹೋದವು, ಭೂಮಿನೂ ಹೋತು."

"ತಗೊಂಡಿದ್ರ ರೊಕ್ಕಕ್ಕ ಹೇಳಿದ ಅಂತಿದ್ರು."

"ಈಗೇನ ಅಂತಾರ? ಹುಚ್ಚ ಅಂತಾರ." ಅವಳು ಅವನ ಮುಂದೆ ಕೂತಳು. "ನನಗ ಯಾರ ಏನ ಅಂದ್ರೂ ನಡೀತೈತಿ."

ಮರುವಾರ ಅಗ್ನೆಸ್ ಪಾವ್ಲುವನ್ನು ಕರೆದುಕೊಂಡು ಕರಿಬಸಪ್ಪನ ಮನೆಗೆ ಹೋದಳು. ಬಾಗಿಲಲ್ಲಿ ನಿಂತು, ಬಹುಮಾನ ಬೇಡ, ಬಿಟ್ಟಿ ಬೇಡ, ಯಾವ ರೈತನಿಗಾದರೂ ಕೊಡುವಂತೆ ಆ ಎರಡು ಎಕರೆಯನ್ನು ತನಗೂ ಮೈದುನನಿಗೂ ಪಾಲಿಗೆ ಕೊಡಿ ಎಂದು ಕೇಳಿದಳು. ಸಭೆಯಲ್ಲಿ ಮಾನ ಹೋದ ಸಿಟ್ಟು ಕರಿಬಸಪ್ಪನಿಗೆ ಇನ್ನೂ ಇತ್ತು. ಆದರೆ ಆ ವರ್ಷ ಆಳುಗಳೆಲ್ಲ ದಾಂಡೇಲಿಯ ನಾಟಾ ಕೆಲಸಕ್ಕೆ ಹೋಗಿದ್ದರು. ಗದ್ದೆ ಮಾಡುವವರು ಸಿಗುತ್ತಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ, ಬೆಳೆದದ್ದರಲ್ಲಿ ಅರ್ಧ ಎಂದು ಒಪ್ಪಿದ.

ಜನ ಆಡಿಕೊಂಡರು. ನೋಡಿದಿರಾ, ಕೊನೆಗೂ ಎರಡು ಎಕರೆ ಬಂತಲ್ಲ ಎಂದರು. ಮಿಂಗೇಲ್ ಮೊದಲ ಮಳೆಗಾಲವೆಲ್ಲ ಬೇಲಿಯ ಈಚೆಗೇ ಇದ್ದ, ಗದ್ದೆಗೆ ಕಾಲಿಡಲಿಲ್ಲ. ಮರುವರ್ಷ ಸಸಿ ನೆಡುವ ದಿನ ಪಾವ್ಲುವಿಗೆ ಜ್ವರ ಬಂತು. ಅಗ್ನೆಸ್ ಒಬ್ಬಳೇ ಕೆಸರಿನಲ್ಲಿ ಬಾಗಿ ನಿಂತಿದ್ದಳು. ಮಧ್ಯಾಹ್ನದವರೆಗೆ ನೋಡಿದ ಮಿಂಗೇಲ್ ಬೇಲಿ ದಾಟಿ ಇಳಿದ. ಎಡಗೈಯ ಎರಡು ಬೆರಳಿನಲ್ಲಿ ಸಸಿಯ ಕಟ್ಟು ಹಿಡಿದು ಬಲಗೈಯಲ್ಲಿ ನೆಟ್ಟ. ಸಾಲು ಸೊಟ್ಟಗಾಯಿತು. ಅಗ್ನೆಸ್ ನಕ್ಕು, ಅವನು ನೆಟ್ಟದ್ದರಲ್ಲಿ ಅರ್ಧ ಕಿತ್ತು ಮತ್ತೆ ನೆಟ್ಟಳು. ಆ ವರ್ಷ ಅವರ ಪಾಲಿಗೆ ಬಂದ ಭತ್ತದಿಂದ ಎರಡು ಮನೆಯವರು ಚೈತ್ರದವರೆಗೆ ಉಂಡರು.

೧೯೪೬ರ ಮಳೆಗಾಲದಲ್ಲಿ ತಾಲೂಕಿಗೆಲ್ಲ ಕಾಲುಬೇನೆ ಬಂತು. ದನಗಳ ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು. ದನದ ಡಾಕ್ಟರು ಕಾರವಾರದಿಂದ ಬರಬೇಕು, ಬಂದರೂ ಎಷ್ಟು ಊರಿಗೆಂದು ಬಂದಾರು? ಕೆಸರಿನಲ್ಲಿ ನಿಂತ ದನ ಉಳಿಯುವುದಿಲ್ಲ ಎಂದು ಮಿಂಗೇಲನಿಗೆ ಕಾಡಿನ ದಿನಗಳಿಂದ ಗೊತ್ತಿತ್ತು. ಅವನ ನಾಲ್ಕು ಎಕರೆ ಜಂಬಿಟ್ಟಿಗೆಯ ನೆಲದಲ್ಲಿ ನೀರು ನಿಲ್ಲುತ್ತಿರಲಿಲ್ಲ. ಮೊದಲು ಉಳವಪ್ಪ ತನ್ನ ಜೋಡಿ ತಂದು ಕಟ್ಟಿದ, ಆಮೇಲೆ ಅವನ ಓಣಿಯವರು. ಇಪ್ಪತ್ತು ದಿನದಲ್ಲಿ ಊರಿನ ತೊಂಬತ್ತು ದನ ಅಲ್ಲಿ ನಿಂತವು. ಮಿಂಗೇಲ್, ಅಗ್ನೆಸ್, ಪಾವ್ಲು ಮೂವರೂ ಬೆಳಗಿನಿಂದ ಉಪ್ಪುನೀರಲ್ಲಿ ಗೊರಸು ತೊಳೆದರು, ಡಾಂಬರು ಹಚ್ಚಿದರು. ದನದ ಒಡೆಯರನ್ನೂ ಕೂರಿಸಿಕೊಂಡು ಕೆಲಸ ಹಚ್ಚಿದರು. ಅಂದು ಸಭೆಯಲ್ಲಿ ಕ್ರಿಸ್ತಾಂವನ ಮಾತೆತ್ತಿದ ಸದಸ್ಯ ತನ್ನ ಹಾಲಿನ ಎಮ್ಮೆಯ ಕಾಲು ಹಿಡಿದು, ಮಿಂಗೇಲ್ ಹೇಳಿದಂತೆ ಬೆಳಕಿಗೆ ತಿರುಗಿಸುತ್ತ ಕೂತಿದ್ದ. ಆರು ದನ ಸತ್ತವು, ಉಳಿದವು ಬದುಕಿದವು.

ಆ ವರ್ಷದ ಬಜೆಟ್ಟಿನ ಸಭೆಯಲ್ಲಿ ಹೊಲಕ್ಕೆ ಇನ್ನೊಂದು ಕೊಟ್ಟಿಗೆ, ಇನ್ನೊಬ್ಬ ಆಳು ಎಂದು ಮಂಜೂರಾಯಿತು. ಯಾರೂ ವಿರೋಧಿಸಲಿಲ್ಲ. ಆಳನ್ನು ಆರಿಸುವಾಗ ಮಿಂಗೇಲನನ್ನು ಕೇಳಿದರು. ದನ ಬಡಿಯದವನು ಯಾರಾದರೂ ಆದೀತು ಎಂದ.

ಅವನು ೧೯೪೯ರ ಚಳಿಗಾಲದಲ್ಲಿ ತೀರಿಕೊಂಡ. ವಯಸ್ಸು ಎಷ್ಟೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಐವತ್ತರ ಆಚೀಚೆ ಇರಬೇಕು ಎಂದು ಪಾವ್ಲು ಸಾವಿನ ದಾಖಲೆಯಲ್ಲಿ ಬರೆಸಿದ. ಹೆಣ ಹೊತ್ತು ಹಳ್ಳಿಯ ಕಡೆ ಹೋದವರಲ್ಲಿ ಅವನ ಜನದವರೇ ಹೆಚ್ಚು. ಊರಿನ ಗಾಡಿಯವರು ಹತ್ತು ಹನ್ನೆರಡು ಮಂದಿ ಕೆರೆಯ ಏರಿಯವರೆಗೆ ಹಿಂದೆ ನಡೆದು, ಅಲ್ಲಿಂದ ತಿರುಗಿದರು. ಅಗ್ನೆಸ್ ಗುಡಿಸಲು ಬಿಟ್ಟು ಹೋಗಲಿಲ್ಲ. ಮೂರನೆಯ ದಿನ ಜೋಯಿಡಾ ಕಡೆಯವನೊಬ್ಬ ಕೊಂಬು ಮುರಿದ ಎತ್ತನ್ನು ಹಿಡಿದುಕೊಂಡು ಬಂದು ಬೇಲಿಯ ಹೊರಗೆ ನಿಂತ. ಮಿಂಗೇಲ್ ಇದ್ದಾನೆಯೇ ಎಂದು ಕೇಳಿದ. ಇಲ್ಲ ಎಂದು ಹೇಳಿ, ಅಗ್ನೆಸ್ ಹಗ್ಗ ತೆಗೆದುಕೊಂಡಳು.